ದೆವ್ವದ ಹೆಬ್ಬೆಟ್ಟು

ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯಲ್ಲಿ ಒಂದು ಪೊಲೀಸ್ ಠಾಣೆಯಿದೆ. ಅದೇ ತಾಲ್ಲೂಕಿನ ಕಬ್ಬಾಳಿನಲ್ಲಿ ಅದಕ್ಕಿಂತ ಹಳೆಯ ಠಾಣೆಯೊಂದಿದೆ. ಅಲ್ಲಿನ ಅಧಿಕಾರಿಣಿ ದೇವಿ ಕಬ್ಬಾಳಮ್ಮ. ಅಲ್ಲಿ ಲಾಠಿಯಿಲ್ಲ, ಲಾಕಪ್ಪಿಲ್ಲ, ವರ್ಗಾವಣೆಯಂತೂ ಇಲ್ಲವೇ ಇಲ್ಲ. ಆದರೂ ‘ಕಬ್ಬಾಳಮ್ಮನ ಮೇಲೆ ಆಣೆ ಇಡ್ತೀಯೇನ್ಲಾ?’ ಎಂದು ಕೇಳಿದ ಮೇಲೆ ಎದುರಿಗಿದ್ದವನು ಕೆಮ್ಮಲು ಶುರುಮಾಡಿದನೆಂದರೆ ತನಿಖೆ ಮುಕ್ಕಾಲು ಮುಗಿದ ಹಾಗೆಯೇ.

ಪೊಲೀಸರನ್ನೂ ದೆವ್ವವನ್ನೂ ಒಂದೇ ರಟ್ಟಿನೊಳಗೆ ಕೂರಿಸುವ ಪತ್ತೇದಾರಿ ಕಥೆಗಳೆಂದರೆ ನನಗೆ ಪ್ರಾಣ. ಅಂಥದೊಂದನ್ನು ನಾನೇ ಬರೆಯುವುದಾದರೆ ಕೋಡಿಹಳ್ಳಿಯನ್ನು ಬಿಟ್ಟು ಬೇರೆ ಊರು ಹುಡುಕುವುದಿಲ್ಲ. ಆ ಕಡೆ ಕಾವೇರಿ ವನ್ಯಧಾಮದ ಕಾಡು, ಇನ್ನೂ ಮುಂದೆ ಅರ್ಕಾವತಿ ಹೋಗಿ ಕಾವೇರಿಯನ್ನು ಸೇರುವ ಸಂಗಮ, ಈ ಕಡೆ ರಾಗಿ ಹೊಲ, ಹಿಪ್ಪುನೇರಳೆ ತೋಟ. ರಾತ್ರಿ ಹೊಲದಲ್ಲಿ ಸದ್ದಾದರೆ ಮೊದಲ ಅನುಮಾನ ಆನೆಯ ಮೇಲೆ, ಎರಡನೆಯದು ಕಳ್ಳನ ಮೇಲೆ, ಮೂರನೆಯದು ದೆವ್ವದ ಮೇಲೆ. ಆನೆ ತುಳಿದ ಬೆಳೆಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ದೆವ್ವ ತುಳಿದದ್ದಕ್ಕೆ ಇನ್ನೂ ಅರ್ಜಿ ನಮೂನೆ ಅಚ್ಚಾಗಿಲ್ಲ.

ನನ್ನ ಕಾದಂಬರಿ ತೊಡಕಿಗೆ ಬೀಳುವುದು ಮೊದಲ ಪುಟದಲ್ಲೇ. ಮಧ್ಯರಾತ್ರಿ ಒಂದು ಹೆಣ್ಣು ದೆವ್ವ ಠಾಣೆಯ ಮೆಟ್ಟಿಲು ಹತ್ತುತ್ತದೆ. ದಫೇದಾರ ತೂಕಡಿಕೆ ಬಿಟ್ಟು ಪುಸ್ತಕ ತೆರೆಯುತ್ತಾನೆ.

‘ಏನವ್ವಾ, ಹೆಸರು?’ ಹೇಳುತ್ತದೆ. ‘ಗಂಡನ ಹೆಸರು?’ ‘ಅವನ ಮೇಲೇ ಕಣ್ ಸಾಮಿ ಕಂಪ್ಲೇಂಟು.’ ‘ವಯಸ್ಸು?’ ಇಲ್ಲಿ ಇಬ್ಬರೂ ತಡವರಿಸುತ್ತಾರೆ. ಸತ್ತ ದಿನಕ್ಕೆ ನಿಲ್ಲಿಸಬೇಕೋ, ಇವತ್ತಿನವರೆಗೆ ಲೆಕ್ಕ ಹಾಕಬೇಕೋ? ‘ಓಗ್ಲಿ ಬಿಡವ್ವಾ, ಹೆಬ್ಬೆಟ್ಟು ಒತ್ತು.’ ಒತ್ತುತ್ತದೆ. ಕಾಗದ ಬೆಳ್ಳಗೇ ಉಳಿಯುತ್ತದೆ.

ಸರಹದ್ದಿನ ತಕರಾರು ಮಾತ್ರ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಸಾತನೂರಿನಲ್ಲಿ ಸತ್ತವಳು ಕೋಡಿಹಳ್ಳಿಗೆ ಧಾರಾಳವಾಗಿ ಬರಬಹುದು. ಆದರೆ ಅದೇ ಸಂಹಿತೆಯ 194ನೇ ಕಲಮು ಗಟ್ಟಿ ಆಸಾಮಿ. ಅನುಮಾನದ ಸಾವಾದರೆ ಪೊಲೀಸರು ಶವ ಪಂಚನಾಮೆ ಮಾಡಬೇಕೆನ್ನುವ ಕಲಮು ಅದು. ಆತ್ಮಹತ್ಯೆಯೋ, ಇನ್ನೊಬ್ಬರು ಕೊಂದದ್ದೋ, ಪ್ರಾಣಿ ಕೊಂದದ್ದೋ, ಯಂತ್ರಕ್ಕೆ ಸಿಕ್ಕಿದ್ದೋ, ಅಪಘಾತವೋ ಎಂದು ಸಾವಿನ ದಾರಿಗಳನ್ನೆಲ್ಲ ಪಟ್ಟಿ ಮಾಡುತ್ತದೆ. ಆ ಪಟ್ಟಿಯಲ್ಲಿ ಆನೆಗೂ ಜಾಗವಿದೆ, ಹಿಟ್ಟಿನ ಗಿರಣಿಗೂ ಜಾಗವಿದೆ, ದೆವ್ವಕ್ಕಿಲ್ಲ. ಸಾಕ್ಷ್ಯದ ಕಾನೂನೂ ಅಷ್ಟೆ. ಸಾಯುವ ಮುನ್ನ ತನ್ನ ಸಾವಿನ ಕಾರಣದ ಬಗ್ಗೆ ಆಡಿದ ಮಾತು ಸಾಕ್ಷ್ಯವಾಗುತ್ತದೆ. ಸತ್ತ ಮೇಲೆ ಎಷ್ಟು ವಿವರವಾಗಿ ಹೇಳಿದರೂ ಕೇಳುವವರಿಲ್ಲ.

ಹಾಗೆಂದು ಕಾನೂನಿಗೆ ದೇವರು ಗೊತ್ತೇ ಇಲ್ಲ ಎನ್ನುವಂತಿಲ್ಲ. ಬ್ರಿಟಿಷರ 1873ರ ಪ್ರಮಾಣ ಕಾಯ್ದೆಯಲ್ಲಿ, ಎದುರಾಳಿ ಇಂಥ ಆಣೆ ಮಾಡಿದರೆ ತಾನು ಬದ್ಧ ಎಂದು ಕಕ್ಷಿದಾರ ಒಪ್ಪಿಕೊಂಡರೆ, ಆ ಆಣೆಯ ಮೇಲೆ ಹೇಳಿದ್ದೇ ಅವನ ಪಾಲಿಗೆ ಕೊನೆಯ ಮಾತಾಗುತ್ತಿತ್ತು. ಇಂದಿನ ನ್ಯಾಯ ಸಂಹಿತೆಯ 354ನೇ ಕಲಮೂ ಇದೆ: ‘ನಾನು ಹೇಳಿದಂತೆ ಕೇಳದಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತೀಯ’ ಎಂದು ನಂಬಿಸಿ ಕೆಲಸ ಸಾಧಿಸಿಕೊಂಡವನಿಗೆ ಒಂದು ವರ್ಷದವರೆಗೆ ಜೈಲು. ದೇವರಿಗೆ ಸಮನ್ಸ್ ಹೋಗುವುದಿಲ್ಲ. ದೇವರ ಹೆಸರು ಹೇಳಿದವನಿಗೆ ಹೋಗುತ್ತದೆ. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯೂ ದೆವ್ವ ಉಂಟೋ ಇಲ್ಲವೋ ಎಂಬ ಚರ್ಚೆಗೆ ಕೂರದೆ, ದೆವ್ವ ಬಿಡಿಸುತ್ತೇನೆಂದು ಹೊಡೆಯುವವನ ಕೈ ಹಿಡಿಯುತ್ತದೆ.

ನಮ್ಮ ಕಥೆಗಾರರು ಈ ಜಾಣತನವನ್ನು ಎಂದೋ ಕಲಿತಿದ್ದಾರೆ. ದೂರದರ್ಶನದ ‘ಗುಡ್ಡದ ಭೂತ’ ನೋಡಿ ಹೊದಿಕೆ ಎಳೆದುಕೊಂಡವರು ಕೊನೆಗೆ ಕಂಡದ್ದು ಮನುಷ್ಯನನ್ನೇ. ಅನೂಪ್ ಭಂಡಾರಿಯವರ 2015ರ ‘ರಂಗಿತರಂಗ’, ಇನ್‌ಸ್ಪೆಕ್ಟರನೇ ನಾಯಕನಾದ 2022ರ ‘ವಿಕ್ರಾಂತ್ ರೋಣ’ ಎರಡರಲ್ಲೂ ಭೂತದ ಭಯ ಊರಿಗೆಲ್ಲ ಹಬ್ಬುತ್ತದೆ, ಕೈವಾಡ ಮಾತ್ರ ಮನುಷ್ಯನದು. ಪವನ್ ಕುಮಾರ್ ಅವರ 2016ರ ‘ಯು ಟರ್ನ್’ ಬೇರೆ ಜಾತಿಯದು. ಅಲ್ಲಿ ದೆವ್ವ ದೆವ್ವವೇ. ಬೆಂಗಳೂರಿನ ಫ್ಲೈಓವರ್ ಮೇಲೆ ಕಲ್ಲು ಸರಿಸಿ ಅಡ್ಡದಾರಿಯಲ್ಲಿ ತಿರುಗುವ ಬೈಕಿನವರ ಬೆನ್ನು ಹತ್ತುತ್ತದೆ. ಸಂಚಾರಿ ಪೊಲೀಸರ ದಂಡದ ಚೀಟಿಗೆ ಬಗ್ಗದವರಿಗೆ ಇಂಥವಳೇ ಸರಿ ಎಂದು ನನಗೂ ಒಮ್ಮೊಮ್ಮೆ ಅನ್ನಿಸಿದ್ದುಂಟು.

ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಹಾಕಿ, ಅತಿಮಾನುಷ ಶಕ್ತಿಗಳಿಗೆ ಪ್ರವೇಶವಿಲ್ಲ ಎಂದ. ದಿನವಿಡೀ ದೇವರ ಕೆಲಸ ಮಾಡಿದವನಿಗೆ ಸಂಜೆಯಾದರೂ ಬಿಡುವು ಬೇಕಿತ್ತೇನೋ. ಆದರೆ ಅದಕ್ಕೂ ಹಿಂದೆ, 1897ರಲ್ಲಿ, ಅಮೆರಿಕದ ವೆಸ್ಟ್ ವರ್ಜೀನಿಯಾದ ಗ್ರೀನ್‌ಬ್ರಯರ್ ಎಂಬಲ್ಲಿ ನಿಜವಾಗಿಯೇ ಒಂದು ಮೊಕದ್ದಮೆ ನಡೆದಿತ್ತು. ಸತ್ತ ಮಗಳು ಜೋನಾ ರಾತ್ರಿ ಬಂದು ‘ಗಂಡ ನನ್ನ ಕತ್ತು ಮುರಿದ’ ಎಂದಳೆಂದು ತಾಯಿ ಸರ್ಕಾರಿ ವಕೀಲರ ಬಳಿ ಹೋದಳು. ಹೂತ ಹೆಣ ತೆಗೆದು ಪರೀಕ್ಷಿಸಿದರೆ ಕತ್ತು ಮುರಿದಿತ್ತು. ಗಂಡನಿಗೆ ಜೀವಾವಧಿ ಶಿಕ್ಷೆಯಾಯಿತು. ಸ್ವಾರಸ್ಯವೆಂದರೆ ಸರ್ಕಾರಿ ವಕೀಲರು ಕೋರ್ಟಿನಲ್ಲಿ ದೆವ್ವದ ಸುದ್ದಿಯನ್ನೇ ಎತ್ತಲಿಲ್ಲ. ತಾಯಿಗೆ ಹುಚ್ಚೆಂದು ತೋರಿಸಲು ಹೋಗಿ ಅದನ್ನು ಎತ್ತಿದ್ದು ಗಂಡನ ಕಡೆಯ ವಕೀಲ!

ಇಂಥ ಕಥೆ ಬರೆಯುವವರಲ್ಲಿ ನನ್ನದು ಒಂದೇ ಅರಿಕೆ. ದೆವ್ವ ದೂರು ಕೊಡಲಿ, ಕಬ್ಬಾಳಮ್ಮ ಕಳ್ಳನ ನಾಲಿಗೆ ಒಣಗಿಸಲಿ, ಯಾರೂ ಬೇಡ ಎನ್ನುವುದಿಲ್ಲ. ಆದರೆ ಅಪರಾಧಿಯನ್ನು ಹಿಡಿಯುವ ಕೆಲಸವನ್ನು ಮಾತ್ರ ದಫೇದಾರನಿಗೇ ಬಿಡಿ. ದೆವ್ವವೇ ಎಲ್ಲವನ್ನೂ ಮುಗಿಸಿಬಿಟ್ಟರೆ ಅವನು ಮಹಜರು ಬರೆಯುವುದು ಯಾವಾಗ, ನಾವು ಪುಟ ತಿರುವುವುದು ಯಾತಕ್ಕೆ?