ಹಂಗಲ್ಲಾನುಶಾಸನಂ

ಇಡಗುಂಜಿಯ ಗಣಪತಿಗೆ ಇರುವುದು ಎರಡೇ ಕೈ. ಬೇರೆ ಕಡೆಯ ಗಣಪತಿಗಳು ನಾಲ್ಕು ಕೈಯಲ್ಲಿ ಮಾಡುವುದನ್ನು ಎರಡರಲ್ಲೇ ಮುಗಿಸುವ ಆತನನ್ನು ನೆನೆದು, ಎರಡೇ ಸೂತ್ರಗಳ ಈ ಶಾಸ್ತ್ರವನ್ನು ನಾವು ಆರಂಭಿಸುತ್ತೇವೆ. ನಾವು ಎಂದರೆ ನಾನೊಬ್ಬನೇ. ಶಾಸ್ತ್ರ ಬರೆಯುವವನು ಒಂಟಿಯಾಗಿ ಕಾಣಬಾರದೆಂಬ ರೂಢಿಯಿದೆ.

ಯಾವ ಶಾಸ್ತ್ರಕ್ಕೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ವಿಷಯ: ವೃತ್ತಿಯಲ್ಲಿ ಮೇಲೆ ಬರುವುದಕ್ಕೆ ಮೆಂಟರ್ ಎಂಬವನು ಎಷ್ಟರ ಮಟ್ಟಿಗೆ ಬೇಕು ಎಂಬುದು. ಪ್ರಯೋಜನ: ಬೆಂಗಳೂರಿನಲ್ಲಿ ನಾವು ದುಡಿಯುವ ಕಚೇರಿಯವರು ಈ ಬಗ್ಗೆ ಕಳಿಸಿರುವ ಫಾರ್ಮನ್ನು ಮಾರ್ಚ್ ಮುಗಿಯುವುದರೊಳಗೆ ತುಂಬುವುದು. ಸಂಬಂಧ: ಮೊದಲನೆಯದಕ್ಕೂ ಎರಡನೆಯದಕ್ಕೂ ಏನೂ ಇಲ್ಲ. ಅಧಿಕಾರಿ ಎಂದರೆ ಇಲ್ಲಿ ತಹಶೀಲ್ದಾರರಲ್ಲ, ಓದಲು ಅರ್ಹನಾದವನು. ಭಟ್ಕಳದಿಂದ ಕುಮಟಾದವರೆಗೆ ಹೆದ್ದಾರಿ 66ರ ಎಡಬಲದಲ್ಲಿ ಯಾರಿಂದಲಾದರೂ ಬೈಸಿಕೊಂಡು ಏನನ್ನಾದರೂ ಕಲಿತ ಪ್ರತಿಯೊಬ್ಬನೂ ಅಧಿಕಾರಿಯೇ.

ಸೂತ್ರ 1: ಹಂಗಲ್ಲ.

ವೃತ್ತಿ. ಹಂಗೆ ಎಂದರೆ ಶಿಷ್ಯ ಮಾಡಿದ ಹಾಗೆ. ಅಲ್ಲ ಎಂದರೆ ಅಲ್ಲ. ಹೇಗೆ ಎಂಬುದು ಸೂತ್ರದಲ್ಲಿ ಇಲ್ಲ, ವೃತ್ತಿಯಲ್ಲಿಯೂ ಇಲ್ಲ, ಗುರುವಿನ ಬಾಯಲ್ಲಿಯೂ ಇಲ್ಲ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯರು ಬ್ರಹ್ಮವನ್ನು ವಿವರಿಸಬೇಕಾಗಿ ಬಂದಾಗ ಇದೂ ಅಲ್ಲ, ಅದೂ ಅಲ್ಲ ಎಂದೇ ದಾಟಿಸಿದರು. ನಮ್ಮ ಕಡೆಯ ಗುರುಗಳು ಬ್ರಹ್ಮಕ್ಕಷ್ಟೇ ಅಲ್ಲದೆ ಅಂಗಿಯ ಕಾಜಾಕ್ಕೂ ಈ ಪದ್ಧತಿಯನ್ನು ಹಬ್ಬಿಸಿದ್ದಾರೆ. ಹವ್ಯಕರಲ್ಲಿ ‘ಹಂಗಲ್ದೋ ತಮಾ’ ಎಂಬ ಪಾಠಾಂತರವಿದೆ. ಅರ್ಥದಲ್ಲಿ ಭೇದವಿಲ್ಲ, ಎಳೆಯುವುದರಲ್ಲಿ ಉಂಟು.

ಇಲ್ಲೊಂದು ಮಾತು. ವೃತ್ತಿ ಎಂದರೆ ಸೂತ್ರದ ಮೇಲಿನ ವಿವರಣೆ. ವೃತ್ತಿ ಎಂದರೆ ಹೊಟ್ಟೆಪಾಡು. ಆದುದರಿಂದ ವೃತ್ತಿಯ ಬೆಳವಣಿಗೆ ಎಂದರೆ ಒಬ್ಬರು ಚುಟುಕಾಗಿ ಹೇಳಿದ್ದನ್ನು ಇನ್ನೊಬ್ಬರು ಉದ್ದ ಮಾಡುವುದು ಎಂದು ಸಿದ್ಧವಾಯಿತು. ಕಚೇರಿಗಳಲ್ಲಿ ಪವರ್‌ಪಾಯಿಂಟ್ ನೋಡಿದವರು ಇದಕ್ಕೆ ಬೇರೆ ಪ್ರಮಾಣ ಕೇಳುವುದಿಲ್ಲ.

ಕಾಜಾ ಎಂದೆವಲ್ಲ, ಅದು ಅನುಭವ ಪ್ರಮಾಣ. ಏಳನೇ ಇಯತ್ತೆ ಮುಗಿದ ಬೇಸಿಗೆಯಲ್ಲಿ, ಮನೆಯಲ್ಲಿ ನಮ್ಮ ಉಪದ್ರ ತಡೆಯಲಾರದೆ ಆಯಿ ನಮ್ಮನ್ನು ಪೇಟೆಯ ಟೇಲರ್ ಮಾಸ್ತರರೊಬ್ಬರ ಅಂಗಡಿಗೆ ಅಟ್ಟಿದ್ದಳು. ಎರಡು ತಿಂಗಳು ಮಿಷನ್ನು ಮುಟ್ಟಲಿಲ್ಲ. ಕೆಲಸ ಇಷ್ಟೇ: ಕಾಜಾ ಹೊಲಿಯುವುದು, ಬಟನ್ ಹಚ್ಚುವುದು. ಮಾಸ್ತರರು ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡು ಕಾಜಾವನ್ನು ಬೆಳಕಿಗೆ ಹಿಡಿಯುತ್ತಿದ್ದರು, ‘ಹಂಗಲ್ಲ’ ಎನ್ನುತ್ತಿದ್ದರು, ಕತ್ತರಿಯ ತುದಿಯಿಂದ ದಾರವನ್ನೆಲ್ಲ ಎಳೆದು ನಮ್ಮ ಮಡಿಲಿಗೆ ಹಾಕುತ್ತಿದ್ದರು. ‘ಮತ್ತೆ ಹೆಂಗೆ?’ ಎಂದು ಒಂದೇ ಒಂದು ದಿನ ಕೇಳಿದೆವು. ಅವರು ಎದ್ದು ಹೊರಗೆ ಹೋಗಿ ಉಗುಳಿ, ವಾಪಸು ಬಂದು ಕೂತು, ‘ಅದೇ, ಹಂಗಲ್ಲ’ ಎಂದರು. ಉಗುಳುವುದಕ್ಕೆ ಎದ್ದರೆಂದರೆ ಏನೋ ದೊಡ್ಡ ಮಾತು ಬರುತ್ತದೆ ಎಂದು ಅಂಗಡಿಯವರೆಲ್ಲ ಕಾದಿದ್ದರು.

ಸೂತ್ರಗಳು ಎರಡೇ ಸಾಕೇ ಎಂಬ ಆಕ್ಷೇಪಕ್ಕೆ ಊರಿನ ಇತಿಹಾಸದಲ್ಲೇ ಉತ್ತರವಿದೆ. ಭಟ್ಟಾಕಲಂಕದೇವರು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಬರೆದರು: ಕನ್ನಡಕ್ಕೆ ವ್ಯಾಕರಣ, ಸಂಸ್ಕೃತದಲ್ಲಿ ಸೂತ್ರ, ಒಟ್ಟು 592. ಅವರು ಕಲಿತದ್ದು ಈಗಿನ ಭಟ್ಕಳ ತಾಲೂಕಿನ ಹಾಡುವಳ್ಳಿಯ ಜೈನ ಮಠದಲ್ಲಿ. ಹಾಡುವಳ್ಳಿಯನ್ನು ಸಂಸ್ಕೃತದವರು ಸಂಗೀತಪುರ ಎಂದು ಕರೆದುಕೊಂಡರು, ಕೇಳಿದವರು ಅಲ್ಲೊಂದು ದೊಡ್ಡ ಪಟ್ಟಣ ಇದೆ ಅಂದುಕೊಳ್ಳಲಿ ಎಂದೇ ಇರಬೇಕು. ಅವರ ಗುರುವಿನ ಹೆಸರೂ ಅಕಲಂಕದೇವ. ಶಿಷ್ಯನು 592 ಸೂತ್ರ ಬರೆದು, ಅವಕ್ಕೆ ವೃತ್ತಿ ಬರೆದು, ವೃತ್ತಿಗೆ ವ್ಯಾಖ್ಯಾನವನ್ನೂ ಬರೆದನು. ಇಷ್ಟೆಲ್ಲ ನಡೆಯುವಾಗ ಗುರು ಏನೆನ್ನುತ್ತಿದ್ದಿರಬಹುದು ಎಂಬುದನ್ನು ನಾವು ಊಹೆಯಿಂದ ಸಾಧಿಸುತ್ತೇವೆ. ಮೊದಲ ಸಲವೇ ‘ಚೆನ್ನಾಗಿದೆ’ ಎಂದಿದ್ದರೆ ಶಿಷ್ಯನು ಹನ್ನೆರಡನೆಯ ಸೂತ್ರಕ್ಕೇ ನಿಲ್ಲಿಸಿ ಊಟಕ್ಕೆ ಏಳುತ್ತಿದ್ದನು.

ಭಟ್ಕಳ ಎಂಬ ಹೆಸರು ಈ ಭಟ್ಟಾಕಲಂಕರಿಂದಲೇ ಬಂತೆಂದು ಹೇಳುವವರುಂಟು. ಕಷ್ಟವೇನೆಂದರೆ 1502ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಇಲ್ಲಿಗೆ ಬಂದು ಕಪ್ಪ ಕೇಳಿದಾಗಲೇ ಊರಿಗೆ ಆ ಹೆಸರಿತ್ತು. ಪೋರ್ಚುಗೀಸರು ಅದನ್ನು ತಮ್ಮ ನಾಲಗೆಗೆ ಬಂದ ಹಾಗೆ ಬಟೆಕಾಲ ಎಂದು ತಿರುಚಿಕೊಂಡಿದ್ದರು. ವ್ಯಾಕರಣ ಬಂದದ್ದು ನೂರಾ ಎರಡು ವರ್ಷ ತಡವಾಗಿ. ಸಾಮಾನ್ಯ ವಿದ್ವಾಂಸರು ಇಲ್ಲಿ ವ್ಯುತ್ಪತ್ತಿಯನ್ನೇ ಕೈಬಿಡುತ್ತಾರೆ. ನಾವು ಬಿಡುವುದಿಲ್ಲ. ಶಿಷ್ಯ ಹುಟ್ಟುವುದಕ್ಕೆ ಮೊದಲೇ ಅವನ ಹೆಸರನ್ನು ಊರಿಗಿಟ್ಟು ಕಾಯುವ ತಾಳ್ಮೆ ಆ ಕಾಲದ ಗುರುಪರಂಪರೆಗೆ ಇತ್ತು ಎಂಬುದಷ್ಟೇ ಇದರಿಂದ ತಿಳಿಯತಕ್ಕದ್ದು. ಆ ಗ್ರಂಥವನ್ನು ಬಿ.ಎಲ್. ರೈಸ್ ಅಚ್ಚು ಹಾಕಿಸಿದ್ದು 1890ರಲ್ಲಿ. ಬರೆದು 286 ವರ್ಷ ಕಳೆದಿತ್ತು. ನಮ್ಮ ಕಚೇರಿಯಲ್ಲಿ ಎರಡು ತಾಸಿನ ತರಬೇತಿ ಮುಗಿಸಿದ ಹುಡುಗರು ಸರ್ಟಿಫಿಕೇಟನ್ನು ಲಿಂಕ್ಡ್‌ಇನ್‌ಗೆ ಹಾಕಿ ಕ್ಯಾಂಟೀನಿಗೆ ಬರುವಷ್ಟರಲ್ಲಿ ನಲವತ್ತು ಜನ ಅಭಿನಂದಿಸಿರುತ್ತಾರೆ.

ಅರ್ಧ ಮಾತ್ರೆ ಉಳಿದರೂ ವ್ಯಾಕರಣದವರು ಮಗ ಹುಟ್ಟಿದಷ್ಟು ಸಂಭ್ರಮಪಡುತ್ತಾರಂತೆ. ನಾವು 590 ಸೂತ್ರಗಳನ್ನು ಉಳಿಸಿದ್ದೇವೆ. ಎಷ್ಟು ಗಂಡುಮಕ್ಕಳಾಯಿತು ಎಂಬ ಲೆಕ್ಕವನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಇನ್ನು ಮೆಂಟರ್ ಶಬ್ದದ ವಿಚಾರ. ಇದು ಗ್ರೀಕ್ ಕವಿ ಹೋಮರನ ಒಡಿಸ್ಸಿಯಿಂದ ಬಂದದ್ದು. ರಾಜ ಒಡಿಸ್ಯೂಸ್ ಯುದ್ಧಕ್ಕೆ ಹೋಗುವಾಗ ಮನೆಮಾರನ್ನು ಮೆಂಟರ್ ಎಂಬ ಹಳೆಯ ಗೆಳೆಯನಿಗೆ ವಹಿಸಿದ. ಅವನು ನೋಡಿಕೊಂಡ ಚೆಂದವೆಂದರೆ, ರಾಜ ಇಪ್ಪತ್ತು ವರ್ಷ ಬಿಟ್ಟು ಬರುವಷ್ಟರಲ್ಲಿ ಕಂಡವರೆಲ್ಲ ಅರಮನೆಗೆ ನುಗ್ಗಿ, ರಾಣಿಯನ್ನು ಮದುವೆಯಾಗುತ್ತೇವೆ ಎಂದು ಜಗಲಿ ಹಿಡಿದು ಕೂತು, ಹಂದಿ ದನಗಳನ್ನು ಕೊಯ್ದು ತಿಂದು ಮುಗಿಸುತ್ತಿದ್ದರು. ಮಗ ಟೆಲಿಮಾಕಸನಿಗೆ ದಾರಿ ತೋರಿಸಿದವಳು ಅಥೀನಾ ದೇವಿ. ಅವಳು ಮೆಂಟರನ ರೂಪ ಧರಿಸಿ ಬಂದು ಆ ಹುಡುಗನನ್ನು ಹಡಗು ಹತ್ತಿಸಿದಳು. ಕೆಲಸ ದೇವಿಯದು, ಹೆಸರು ಮಾತ್ರ ಮನೆ ಕಾಯದ ಮನುಷ್ಯನದು. 1699ರಲ್ಲಿ ಫ್ರಾನ್ಸಿನ ಫೆನಲೋನ್ ಈ ಹುಡುಗನ ಕಥೆಯನ್ನೇ ಹಿಗ್ಗಿಸಿ ಬರೆದ ಪುಸ್ತಕದಲ್ಲಿ ಮೆಂಟರನು ಪುಟಗಟ್ಟಲೆ ಉಪದೇಶ ಮಾಡುತ್ತಾನೆ. ಈ ಶಬ್ದಕ್ಕೆ ಇವತ್ತಿನ ಅರ್ಥ ಗಟ್ಟಿಯಾದದ್ದು ಅಲ್ಲಿಂದಲೇ. ಅಲ್ಲಿಯೂ ಒಳಗಿರುವವಳು ದೇವಿಯೇ. ಹೊನ್ನಾವರ ಕಡೆಯ ಓದುಗನಿಗೆ ಇದನ್ನು ಒಂದೇ ಮಾತಿನಲ್ಲಿ ತಿಳಿಸಬಹುದು: ಮೆಂಟರ್ ಎಂಬುದು ವ್ಯಕ್ತಿಯಲ್ಲ, ವೇಷ.

ವೇಷ ಎಂದ ಮೇಲೆ ಯಕ್ಷಗಾನದ ಚೌಕಿಗೆ ಹೋಗಲೇಬೇಕು. ಗುಣವಂತೆ ಹೆದ್ದಾರಿಯ ಮೇಲೇ ಇದೆ. ಶಾಸ್ತ್ರಕಾರನಿಗೆ ಬಸ್ಸಿನ ಅನುಕೂಲವೂ ಇದೆ. ಅಲ್ಲಿಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. 1970ರಲ್ಲಿ ಅವರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು. ಅವರ ಮಗ ಶಂಭು ಹೆಗಡೆಯವರು ಮನೆಯಲ್ಲೇ ಇಂಥ ಗುರು ಇರುವಾಗ ದಿಲ್ಲಿಗೆ ಹೋಗಿ ಮಾಯಾ ರಾವ್ ಅವರ ಬಳಿ ನೃತ್ಯಸಂಯೋಜನೆ ಕಲಿತು ಬಂದರು. ಮನೆಯ ‘ಹಂಗಲ್ಲ’ವನ್ನು ಪೂರ್ತಿ ಕೇಳಿ ಮುಗಿಸಿದವನಿಗೆ ಮಾತ್ರ ಹೊರಗಿನ ‘ಹಂಗಲ್ಲ’ ಕೇಳುವ ಹಸಿವು ಹುಟ್ಟುತ್ತದೆ ಎಂಬ ನಿಯಮವನ್ನು ನಾವು ಇದರಿಂದ ತೆಗೆದಿದ್ದೇವೆ. ಮೊಮ್ಮಗ ಶಿವಾನಂದ ಹೆಗಡೆಯವರು ಈಗ ಅದೇ ಗುಣವಂತೆಯಲ್ಲಿ ಹುಡುಗರಿಗೆ ಹೆಜ್ಜೆ ಹೇಳಿಸುವ ಕೇಂದ್ರವನ್ನೂ ಮೇಳವನ್ನೂ ನಡೆಸುತ್ತಿದ್ದಾರೆ.

ಹಳೆಯ ಮೇಳಗಳಲ್ಲಿ ಸೇರಿದ ಹುಡುಗನಿಗೆ ಬಡ್ತಿಯ ಕ್ರಮವಿತ್ತು. ಮೊದಲು ಕೋಡಂಗಿ. ಪ್ರಸಂಗ ಶುರುವಾಗುವ ಮೊದಲೇ, ಜನ ಚಾಪೆ ಹಾಸಿಕೊಳ್ಳುತ್ತ ಕಡಲೆ ಕೊಳ್ಳುತ್ತ ಇರುವಾಗ ಕುಣಿದು ಹೋಗುವವನು. ಯಾರೂ ನೋಡುವುದಿಲ್ಲ, ಆದ್ದರಿಂದಲೇ ಆ ಜಾಗ ಕಲಿಯುವವನದು. (ಕಂಪನಿಗಳಲ್ಲಿ ಈ ಹಂತಕ್ಕೆ ಟ್ರೇನಿ ಎನ್ನುತ್ತಾರೆ. ಕೋಡಂಗಿ ಎಂದರೆ ಬೇಸರ ಮಾಡಿಕೊಳ್ಳುತ್ತಾರೆ.) ಆಮೇಲೆ ಬಾಲಗೋಪಾಲ, ಆಮೇಲೆ ಸ್ತ್ರೀವೇಷ, ಹೀಗೆ ಮೇಲೇರಿ ಎರಡನೇ ವೇಷ. ಮೇಳದಲ್ಲಿ ಎಲ್ಲರಿಗಿಂತ ದೊಡ್ಡ ವೇಷಧಾರಿಗೆ ಸಿಕ್ಕುವ ಹೆಸರು ಅಷ್ಟೇ, ಎರಡನೇ ವೇಷ. ಒಂದನೇ ವೇಷ ಯಾರದೆಂದರೆ ಭಾಗವತರದು. ಅವರು ಬಣ್ಣ ಹಚ್ಚುವುದಿಲ್ಲ, ಕಿರೀಟ ಕಟ್ಟುವುದಿಲ್ಲ, ಕುಣಿಯುವುದೂ ಇಲ್ಲ. ಹಿಂದೆ ತಾಳ ಹಿಡಿದು ಕೂತಿರುತ್ತಾರೆ. ಎದುರಿನವನು ಹೆಜ್ಜೆ ತಪ್ಪಿಸಿದರೆ ಪದ್ಯದ ಅದೇ ಸಾಲನ್ನು ಇನ್ನೊಮ್ಮೆ ಎತ್ತುತ್ತಾರೆ, ಮತ್ತೊಮ್ಮೆ ಎತ್ತುತ್ತಾರೆ. ಸಭೆಯವರು ‘ಆಹಾ, ಭಾಗವತರಿಗೆ ಇವತ್ತು ರಂಗೇರಿದೆ’ ಅಂದುಕೊಳ್ಳುತ್ತಾರೆ. ವೇಷಧಾರಿಗೆ ಮಾತ್ರ ಗೊತ್ತು, ಅದು ರಾಗದಲ್ಲಿ ಹಾಕಿದ ‘ಹಂಗಲ್ಲ’ ಎಂದು. ಸಾವಿರ ಜನರ ಎದುರು ಬೈದರೂ ಒಬ್ಬನಿಗಷ್ಟೇ ಕೇಳಿಸುವ ಈ ವಿದ್ಯೆಗಾಗಿ ನಮ್ಮ ಕಚೇರಿಯಲ್ಲಿ ಬಾಗಿಲು ಹಾಕಿದ ಗಾಜಿನ ಕೋಣೆ ಕಟ್ಟಿಸಿದ್ದಾರೆ. ಒಳಗೆ ಬೈಸಿಕೊಳ್ಳುತ್ತಿರುವುದು ಮೂರು ಮಹಡಿಗೂ ಕಾಣುತ್ತದೆ.

ಗುರು ಬೈಯಲೇ ಬೇಕೆಂದಿಲ್ಲ ಎಂಬ ಒಂದು ಪಕ್ಷವೂ ಇದೆ. ಅದರ ಉದಾಹರಣೆ ಚಿತ್ತಾಣಿ ರಾಮಚಂದ್ರ ಹೆಗಡೆಯವರು. 2012ರಲ್ಲಿ ಪದ್ಮಶ್ರೀ ಬಂದಾಗಲೂ ಗೆಜ್ಜೆ ಬಿಚ್ಚಿರಲಿಲ್ಲ. ಅವರ ಕೀಚಕನನ್ನೂ ಭಸ್ಮಾಸುರನನ್ನೂ ಬೆಳಗಿನವರೆಗೆ ನೋಡಿ, ಮರುದಿನ ಗದ್ದೆಯ ಹಾಳೆಯ ಮೇಲೆ ಟವೆಲು ಕಟ್ಟಿಕೊಂಡು ಕುಣಿದ ಹುಡುಗರಿಗೆ ಹೊನ್ನಾವರ ತಾಲೂಕಿನಲ್ಲಿ ಲೆಕ್ಕವಿಲ್ಲ. ಅವರಿಗೆ ಗುರುವಿನ ಪರಿಚಯವಿಲ್ಲ, ಗುರುವಿಗೆ ಇವರಿರುವುದೇ ಗೊತ್ತಿಲ್ಲ. ಏಕಲವ್ಯನಾದರೂ ಮಣ್ಣಿನ ಮೂರ್ತಿ ಮಾಡಿಕೊಂಡಿದ್ದ. ಇವರು ಅದನ್ನೂ ಮಾಡಲಿಲ್ಲ, ಆದ್ದರಿಂದ ಹೆಬ್ಬೆರಳೂ ಉಳಿಯಿತು. ಅಂಥವರಲ್ಲಿ ನಾವೂ ಒಬ್ಬರು. ‘ಹಂಗಲ್ಲ’ ಎಂಬ ಮಾತನ್ನು ಆಗ ಗದ್ದೆಯ ಯಜಮಾನರು ಹೇಳಿದರು, ಹಾಳೆ ಮುರಿದದ್ದಕ್ಕೆ.

ಕಡಲಿನ ಪ್ರಕರಣವನ್ನು ಬೇಗ ಮುಗಿಸುತ್ತೇವೆ, ಏಕೆಂದರೆ ಶಾಸ್ತ್ರಕಾರನಿಗೆ ದೋಣಿ ಹತ್ತಿದರೆ ವಾಂತಿ. ತೆಂಗಿನಗುಂಡಿಯಲ್ಲೋ ಕಾಸರಕೋಡಿನಲ್ಲೋ ದೋಣಿಗೆ ಹೊಸದಾಗಿ ಹೋದ ಹುಡುಗನ ಕೈಗೆ ಮೊದಲು ಬರುವುದು ಅನ್ನದ ಪಾತ್ರೆ, ಬಲೆಯಲ್ಲ. ನೀರಿನ ಬಣ್ಣ, ಹಕ್ಕಿ ಎರಗುವ ರೀತಿ ನೋಡಿ ಮೀನಿನ ಹಿಂಡು ಎಲ್ಲಿದೆ ಎಂದು ದೋಣಿ ನಡೆಸುವ ತಾಂಡೇಲ ಹೇಳುತ್ತಾನೆ. ಹೇಗೆ ಹೇಳಿದೆ ಎಂದು ಹೇಳುವುದಿಲ್ಲ. ಶರಾವತಿಯ ಅಳಿವೆಯಲ್ಲಿ ಹೂಳು ತುಂಬಿ ದೋಣಿ ಸಿಕ್ಕಿಬೀಳುವುದುಂಟು. ಅಲ್ಲಿ ‘ಹಂಗಲ್ಲ’ ಎಂಬ ಮೂರಕ್ಷರಕ್ಕೂ ಸಮಯವಿಲ್ಲದ ಕಾರಣ ತಾಂಡೇಲನು ಅದನ್ನು ಎರಡಕ್ಷರದ ಬೈಗುಳಕ್ಕೆ ಇಳಿಸಿಕೊಂಡಿದ್ದಾನೆ. ಲಾಘವದ ದೃಷ್ಟಿಯಿಂದ ಇದು ನಮ್ಮ ಸೂತ್ರಕ್ಕಿಂತ ಶ್ರೇಷ್ಠ. ಅಚ್ಚು ಹಾಕುವ ಹಾಗಿಲ್ಲವಷ್ಟೇ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ರಜೆ, 61 ದಿನ. ಬೈಸಿಕೊಂಡದ್ದು ಮೈಗೆ ಹಿಡಿಯುವುದಕ್ಕೆ ಅಷ್ಟು ದಿನ ಬೇಕೇ ಬೇಕು.

ಪೂರ್ವಪಕ್ಷ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆ ಎಂದು ಬರೆದಿದ್ದಾನೆ. 36 ಶಾಲೆಗಳ ಊರಿನಲ್ಲಿ ಒಬ್ಬ ಮೆಂಟರನ ಸುದ್ದಿಯೂ ಅವನಿಗೆ ಸಿಗಲಿಲ್ಲವಲ್ಲ, ಆದ್ದರಿಂದ ಮೆಂಟರ್ ಅನವಶ್ಯಕ ಎಂದು ವಾದಿಸಬಹುದು. ಸಮಾಧಾನ: ‘ಹಂಗಲ್ಲ’ ಎನ್ನುವವನನ್ನು ದಾರಿಹೋಕರಿಗೆ ಯಾರೂ ಪರಿಚಯ ಮಾಡಿಸುವುದಿಲ್ಲ.

ಮತ್ತೊಂದು ಪೂರ್ವಪಕ್ಷ ನಮ್ಮ ಕಚೇರಿಯದು. ಅವರ ಮತದಲ್ಲಿ ಮೆಂಟರ್ ಎಂದರೆ ಪ್ರತಿ ಗುರುವಾರ ಮಧ್ಯಾಹ್ನ ಅರ್ಧ ತಾಸು ಸಿಗುವವನು. ನಮಗೆ ಗೊತ್ತುಮಾಡಿಕೊಟ್ಟವನು ನಮಗಿಂತ ಹದಿನಾಲ್ಕು ವರ್ಷ ಚಿಕ್ಕವನು, ಒಳ್ಳೆಯ ಹುಡುಗ. ನಾವು ಏನು ತೋರಿಸಿದರೂ ‘ಸೂಪರ್ ಸರ್’ ಎಂದ. ತಪ್ಪಿದ ಲೆಕ್ಕವನ್ನು ಬೇಕೆಂದೇ ತೋರಿಸಿದೆವು. ‘ಸೂಪರ್ ಸರ್, ಒಂದು ಸಣ್ಣ ಸಜೆಶನ್’ ಎಂದ. ಆರು ತಿಂಗಳಾದ ಮೇಲೂ ನಮ್ಮ ಮಡಿಲಿನಲ್ಲಿ ಒಂದೆಳೆ ದಾರವೂ ಬಿದ್ದಿರಲಿಲ್ಲ. ಮನೆ ಕಾಯದ ಮೂಲ ಮೆಂಟರನಿಗೂ ಇವನಿಗೂ ವ್ಯುತ್ಪತ್ತಿಯ ದೃಷ್ಟಿಯಿಂದ ಒಂದಿಷ್ಟೂ ಭೇದವಿಲ್ಲ.

ಸೂತ್ರ 2: ಅಡ್ಡಿಲ್ಲ.

ವೃತ್ತಿ. ಉತ್ತರ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಪ್ರಶಂಸೆ ಇಲ್ಲ. ಮದುವೆಯ ಊಟ, ಸೊಸೆ, ಹೊಸ ಮನೆ, ಆಟದಲ್ಲಿ ಕಂಡ ಅದ್ಭುತ ಕರ್ಣ, ಎಲ್ಲಕ್ಕೂ ಇದೊಂದೇ. ‘ಹಂಗಲ್ಲ’ ಎಂಬ ಸೂತ್ರವು ಸಾವಿರ ಸಲ ಪ್ರಯೋಗವಾದ ಮೇಲೆ ಒಂದು ಸಲ ಇದು ಬರುತ್ತದೆ. ಕೆಲವರಿಗೆ ಬರುವುದೇ ಇಲ್ಲ, ಗುರು ಸುಮ್ಮನಾಗುತ್ತಾನೆ. ಅದನ್ನೂ ಹಾಗೆಯೇ ಓದಿಕೊಳ್ಳಬೇಕು. ಶಾಲೆ ಶುರುವಾಗುವ ಮುನ್ನಾದಿನ ಮಾಸ್ತರರು ನಮ್ಮ ಕೊನೆಯ ಕಾಜಾವನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಉಗುರಿನಲ್ಲಿ ಎಳೆದು ನೋಡಿದರು. ಎದ್ದು ಹೋಗಿ ಉಗುಳಲಿಲ್ಲ. ತುಂಬಿದ ಬಾಯಲ್ಲೇ ‘ಅಡ್ಡಿಲ್ಲ’ ಎಂದು ಅಂಗಿಯನ್ನು ಗಿರಾಕಿಗೆಂದು ಮೊಳೆಗೆ ತೂಗುಹಾಕಿದರು. ಎಲೆಯಡಿಕೆಯ ಎರಡು ಹನಿ ಅಂಗಿಯ ಕಾಲರಿಗೆ ಸಿಡಿದವು. ಗಿರಾಕಿ ಜಗಳಕ್ಕೆ ಬಂದಾಗ ನಾವು ಶಾಲೆಯಲ್ಲಿದ್ದೆವು.

ಪ್ರಯೋಗ. ಈ ವರ್ಷ ಕಚೇರಿಯವರು ನಮ್ಮನ್ನೇ ಮೆಂಟರ್ ಮಾಡಿದರು. ಒಪ್ಪಿಸಿದ್ದು ಕುಮಟಾ ಕಡೆಯ ಹುಡುಗಿಯನ್ನು, ನಮ್ಮ ಪುಣ್ಯ. ಹನ್ನೊಂದು ತಿಂಗಳು ಅವಳ ಒಂದೊಂದು ವರದಿಗೂ ಮೊದಲ ಸೂತ್ರ ಹಾಕಿದೆವು. ಅವಳು ಒಂದು ದಿನವೂ ಹೆಂಗೆ ಎಂದು ಕೇಳಲಿಲ್ಲ. ಊರಲ್ಲಿ ಅಜ್ಜನ ಕೈಯಲ್ಲಿ ಮದ್ದಲೆ ಕಲಿತವಳಂತೆ. ಫೆಬ್ರವರಿಯಲ್ಲಿ ಅವಳು ತಂದ ವರದಿಯನ್ನು ಬೆಳಕಿಗೆ ಹಿಡಿದೆವು, ತಿರುಗಿಸಿದೆವು. ವರ್ಷದ ಕೊನೆಯ ಫಾರ್ಮಿನಲ್ಲಿ ‘ಈಕೆಯ ಬಗ್ಗೆ ನಿಮ್ಮ ಅಭಿಪ್ರಾಯ’ ಎಂಬಲ್ಲಿ ಎರಡನೆಯ ಸೂತ್ರವನ್ನು ಬರೆದು ಸಹಿ ಹಾಕಿದೆವು. ಎಚ್‌ಆರ್ ವಿಭಾಗದಲ್ಲಿ ಕನ್ನಡ ಬಾರದವರೊಬ್ಬರು ಅದನ್ನು ಮೊಬೈಲಿಗೆ ಹಾಕಿ ಅನುವಾದ ಮಾಡಿಸಿದರು. ಆಕ್ಷೇಪಣೆ ಇಲ್ಲ ಎಂದು ಬಂತು. ಈಕೆ ಬೇರೆ ಕಡೆ ಕೆಲಸಕ್ಕೆ ಹೋಗಲು ಮೇಲಿನವರ ಆಕ್ಷೇಪಣೆ ಇಲ್ಲ ಎಂದು ತಿಳಿದು ಬಿಡುಗಡೆಯ ಪತ್ರ ತಯಾರಿಸಿ, ಲ್ಯಾಪ್‌ಟಾಪ್ ಯಾವಾಗ ವಾಪಸು ಕೊಡುತ್ತೀರಿ ಎಂದು ಕೇಳಿ ಅವಳಿಗೆ ಮೇಲ್ ಕಳಿಸಿದ್ದಾರೆ.

ಅವಳು ಆ ಮೇಲನ್ನು ನಮಗೆ ತೋರಿಸಿದಳು. ಅಳುತ್ತಿದ್ದಾಳೆಂದು ಮೊದಲು ಅಂದುಕೊಂಡೆವು, ನಗುತ್ತಿದ್ದಳು. ಇಬ್ಬರೂ ಕೂತು ಎಚ್‌ಆರ್‌ನವರಿಗೆ ಇಂಗ್ಲಿಷಿನಲ್ಲಿ ಒಂದು ಉತ್ತರ ಬರೆದೆವು. ಕರಡನ್ನು ಅವಳೇ ಓದಿ ನೋಡಿ, ನಮ್ಮ ಕೈಯಿಂದ ಮೌಸನ್ನು ಮೆಲ್ಲಗೆ ಎಳೆದುಕೊಂಡು, ‘ಹಂಗಲ್ಲ ಸರ್’ ಎಂದಳು.