ಇಂಡೀ ರಾಕಿಗೂ ಮಡಿಯೇ!

ದೊಡ್ಡ ಕಂಪನಿಗಳ ಹಂಗಿಲ್ಲದ ಸಂಗೀತ ಇಂಡೀ ರಾಕ್; ಅದರ ಅಭಿಮಾನಿಗಳದ್ದು ವಿಚಿತ್ರ ಮಡಿ. ಬ್ಯಾಂಡಿನ ಹೆಸರನ್ನು ಬೇರೆ ಯಾರೂ ಕೇಳಿರಬಾರದು, ತಾವು ಮಾತ್ರ ಕೇಳಿರಬೇಕು. ಪಕ್ಕದ ಮನೆಯ ಹುಡುಗ ಅದೇ ಹಾಡು ಗುನುಗಿದನೋ, ಮೈಲಿಗೆ! “ಮೊದಲನೇ ಆಲ್ಬಂ ಚೆನ್ನಾಗಿತ್ತು, ಆಮೇಲೆ ಕೆಟ್ಟರು” ಎಂದು ಎಳ್ಳುನೀರು ಬಿಟ್ಟು ಮುಂದಿನ ಬ್ಯಾಂಡಿಗೆ ಹೊರಡುತ್ತಾರೆ.

1988ರಲ್ಲಿ ಸಿಯಾಟಲ್‌ನ ಸಬ್ ಪಾಪ್ ಎಂಬ ರೆಕಾರ್ಡ್ ಕಂಪನಿ, ಆಗಿನ್ನೂ ಹೆಸರು ಮಾಡದ ನಿರ್ವಾಣ ತಂಡದ ಮೊದಲ ಸಿಂಗಲ್ ತಂದಾಗ ಅಚ್ಚಾದದ್ದು ಸುಮಾರು 1000 ಪ್ರತಿ. ಅಂದೇ ಕೊಂಡಿದ್ದೆವು ಎನ್ನುವವರನ್ನೆಲ್ಲ ಈಗ ಕೂರಿಸಲು ಕಂಠೀರವ ಕ್ರೀಡಾಂಗಣ ಸಾಲದೇನೋ.

ಹೊಸಬರನ್ನು ಹುಡುಕಿ ಕೇಳಿಸುವುದಕ್ಕೆ ಬಿಬಿಸಿಯಲ್ಲಿ ಜಾನ್ ಪೀಲ್ ಎಂಬ ಪುಣ್ಯಾತ್ಮನಿದ್ದ. 1978ರಲ್ಲಿ ಉತ್ತರ ಐರ್ಲೆಂಡಿನ ಡೆರಿ ಊರಿನ ಅಂಡರ್‌ಟೋನ್ಸ್ ತಂಡದ ಹುಡುಗರ ಹಾಡು ಹಿಡಿಸಿತೆಂದು ರೇಡಿಯೊದಲ್ಲಿ ಬೆನ್ನುಬೆನ್ನಿಗೆ ಎರಡು ಸಲ ಹಾಕಿಬಿಟ್ಟ. ಈಗಿನ ಸಂಗೀತದ ಆ್ಯಪ್‌ಗಳಿಗೆ ಆ ಹುಚ್ಚೆಲ್ಲಿ? ನಿನ್ನೆ ಕೇಳಿದ ಹಾಡಿನ ತಮ್ಮನನ್ನು ಇಂದು ತಂದು ನಿಲ್ಲಿಸುತ್ತವೆ, ನಾಳೆ ಸೋದರತ್ತೆಯ ಮಗನನ್ನು.

ಬೆಂಗಳೂರಿನವರು ಅಷ್ಟು ದೂರ ಹೋಗಬೇಕಿಲ್ಲ. ಥರ್ಮಲ್ ಅಂಡ್ ಎ ಕ್ವಾರ್ಟರ್ ಎಂಬ ಬ್ಯಾಂಡ್ ಹುಟ್ಟಿದ್ದು 1996ರಲ್ಲಿ, ಇಲ್ಲೇ. ಇಲ್ಲಿಯದೇ ಇನ್ನೊಂದು ಬ್ಯಾಂಡ್ ಸ್ವರಾತ್ಮ ಕನ್ನಡದಲ್ಲೂ ಹಾಡುತ್ತದೆ. ಹೋಗಿ ಕೇಳಿ. ದಯವಿಟ್ಟು ಟಿಕೆಟ್ ಕೊಳ್ಳಿ, ಪಾಸ್ ಕೇಳಬೇಡಿ.