ಟೆಕ್ಸಸ್ಸಿನ ಎತ್ತಿಗೆ ಕಾರಹುಣ್ಣಿಮೆಯ ಬಣ್ಣ

ಅಮೆರಿಕದ ಶಾಲೆಗಳಿಗೆ ಬೇಸಿಗೆ ಸೂಟಿ ಬೀಳುವ ಹೊತ್ತಿಗೆ ನಮ್ಮ ರಾಯಬಾಗ, ಅಥಣಿ ಕಡೆಯ ರೈತರು ಮೋಡ ನೋಡುತ್ತ ಬಿತ್ತಲು ನಿಂತಿರುತ್ತಾರೆ. ಡಲ್ಲಾಸಿಗೆ ಬಂದ ಅವ್ವನ ಮೊದಲ ತಕರಾರು ಅದೇ. "ಕಾರಹುಣ್ಣಿಮಿ ಬಂತು, ಈ ಕೂಸಿಗೆ ಈಗ ಸೂಟಿ ಏನಪಾ?"

ಕೂಸಿಗೆ ಹಿತ್ತಲಲ್ಲಿ ಕೂತು ಚಿತ್ರ ಬರೆಯುವ ಹುಕಿ ಹತ್ತಿತ್ತು. ನನ್ನ ಹೆಂಡತಿ ನಿಪ್ಪಾಣಿಯವಳು. ಸಂತೆಯಲ್ಲಿ ಕೊತ್ತಂಬರಿ ಸಿವುಡಿಗೂ ಚೌಕಾಸಿ ಮಾಡುವವಳು, ಆನ್‌ಲೈನಿನಲ್ಲಿ ಮಾತ್ರ ದಾನಶೂರ ಕರ್ಣ. ಮಡಚುವ ಸ್ಟ್ಯಾಂಡು, 300 ಜಿಎಸ್‌ಎಂ ಕಾಗದ, ಅಳಿಲಿನ ಕೂದಲ ಬ್ರಷ್ಷು. "ಸಿಂಪಲ್ ಸಾಮಾನು ಅತ್ತಿ" ಎಂದಳು. ಅಳಿಲು ಎಂದದ್ದೇ ತಡ, ಅವ್ವ ಕೊರಳ ಲಿಂಗ ಮುಟ್ಟಿಕೊಂಡಳು.

ನಾನು ಸಮಾಧಾನ ಹೇಳಲು ಇತಿಹಾಸ ತೆಗೆದೆ. 1841ರಲ್ಲಿ ಜಾನ್ ಗಾಫ್ ರ್‍ಯಾಂಡ್ ಎಂಬ ಅಮೆರಿಕದ ಚಿತ್ರಕಾರ ತಗಡಿನ ಟ್ಯೂಬು ಮಾಡಿದ ಮೇಲೆಯೇ ಬಣ್ಣ ಹೊತ್ತು ಬಯಲಿಗೆ ಹೋಗುವುದು ಸಲೀಸಾದದ್ದು. ಅದಕ್ಕೂ ಮುಂಚೆ ಎಣ್ಣೆಬಣ್ಣ ಕಟ್ಟಿಡುತ್ತಿದ್ದುದು ಹಂದಿಯ ಮೂತ್ರಚೀಲದಲ್ಲಿ. ಇಷ್ಟು ಹೇಳಿದ ಮೇಲೆ ಮನೆಯೊಳಗೆ ಅಂಗಡಿ ಬಣ್ಣಕ್ಕೆ ಜಾಗವಿರಲಿಲ್ಲ.

ಅವ್ವನ ಸೂಟ್‌ಕೇಸ್ ತೆರೆಯಿತು. ಚಿಂಚಲಿ ಮಾಯಕ್ಕನ ಭಂಡಾರದ ಅರಿಶಿನ, ಬಟ್ಟೆಗೆ ಹಾಕುವ ನೀಲಿ, ಗೋಡೆಗೆ ಬಳಿಯುವ ಕಾವಿ. ಡಲ್ಲಾಸಿನಲ್ಲಿ ಯಾವ ಗೋಡೆ ಬಳಿಯಬೇಕೆಂದು ತಂದಿದ್ದಳೋ! ಸುಣ್ಣ ಇಲ್ಲಿನ ಅಂಗಡಿಯಲ್ಲೇ ಉಪ್ಪಿನಕಾಯಿ ಸಾಮಾನಿನ ಸಾಲಲ್ಲಿ ಸಿಕ್ಕಿತು. ಅರಿಶಿನಕ್ಕೆ ಚಿಟಿಕೆ ಸುಣ್ಣ ಬಿದ್ದೊಡನೆ ಆರತಿ ನೀರಿನ ಕೆಂಪು! ಮಗಳು "ಆಯಿ, ಮ್ಯಾಜಿಕ್!" ಎಂದು ಕುಣಿದಳು. ಬಣ್ಣ ಕಾಗದಕ್ಕೆ ಹಿಡಿಯಲು ಅಂಟಿನುಂಡೆಗೆಂದು ತಂದಿಟ್ಟಿದ್ದ ಅಂಟು. ಜಲವರ್ಣದಲ್ಲಿ ಹಿಡಿತಕ್ಕೆ ಹಾಕುವುದೂ ಜಾಲಿ ಜಾತಿಯ ಮರದ ಅಂಟೇ. ಒಣಗಿ ಬಿರಿಯದಿರಲಿ ಎಂದು ಜೇನೂ ಸೇರಿಸುವುದುಂಟು. ಜೇನು ಯಾಕೆ, ಬೆಲ್ಲ ಇಲ್ಲವೇ ಎಂದಳು ಅವ್ವ. ಟೆಕ್ಸಸ್ಸಿನ ಬೆಂಕಿ ಇರುವೆಗಳಿಗೆ ಸುದ್ದಿ ಹೋಗಲು ತಡವಾಗಲಿಲ್ಲ. ಸೂರ್ಯ ಬರೆದ ಜಾಗದಲ್ಲಿ ಗ್ರಹಣ ಹಿಡಿದು, ಚಿತ್ರಗಾರ್ತಿ ಕುರ್ಚಿ ಏರಿದಳು.

ಆ ವಾರ ಫೋರ್ಟ್ ವರ್ತ್ ಸ್ಟಾಕ್‌ಯಾರ್ಡ್ಸಿಗೆ ಹೋದೆವು. ಅಲ್ಲಿ ದಿನಕ್ಕೆರಡು ಸಲ ಲಾಂಗ್‌ಹಾರ್ನ್ ಎತ್ತುಗಳನ್ನು ಬೀದಿಯಲ್ಲಿ ನಡೆಸುತ್ತಾರೆ. ಬೀದಿಯಗಲ ಕೊಂಬು. "ಅಯ್ಯ, ಹುಣ್ಣಿಮಿ ಕಳದೈತಿ, ಒಂದರ ಕೊಂಬಿಗೂ ಬಣ್ಣಿಲ್ಲ!" ನಿಪ್ಪಾಣಿಯಲ್ಲಿ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವ ಬೇಂದೂರ ಹಬ್ಬ ಕಂಡವಳಾದ ಸೊಸೆ ಮೊದಲ ಸಲ ಅತ್ತೆಯ ಮಾತಿಗೆ ತಲೆಯಾಡಿಸಿದಳು. ಅವ್ವ ಸೆರಗಿನ ಗಂಟು ಬಿಚ್ಚಿ ಕಾವಿ ತೆಗೆಯುವಷ್ಟರಲ್ಲಿ ಕುದುರೆ ಮೇಲಿನ ಕೌಬಾಯ್ ಟೊಪ್ಪಿಗೆ ಎತ್ತಿ ನಮಸ್ಕರಿಸಿ, ದೂರ ಸರಿಯಿರಿ ಎಂದ.

ಕೊನೆಗೆ ಕೊಂಬಿಗೆ ಬಣ್ಣ ಬಂದದ್ದು ಹಿತ್ತಲಲ್ಲಿ, 300 ಜಿಎಸ್‌ಎಂ ಕಾಗದದ ಮೇಲೆ. ಬ್ರಷ್ಷು ಅವ್ವ ತುದಿ ಜಜ್ಜಿಕೊಟ್ಟ ಬಿದಿರಕಡ್ಡಿ. ಚಿಕ್ಕೋಡಿಯ ಸೋದರಮಾವ ವಿಡಿಯೋ ಕಾಲಿನಲ್ಲಿ ಬಹಳ ಹೊತ್ತು ನೋಡಿದ. "ಬಣ್ಣ ಚಲೋ ಬಿದ್ದೈತಿ. ಆದ್ರ ಇಷ್ಟ ಕೊಂಬಿದ್ರ ನೊಗಕ್ಕ ಹೂಡೂದ ಹ್ಯಾಂಗ? ಕಾಗವಾಡ ಸಂತ್ಯಾಗ ಯಾರೂ ತಗೊಳ್ಳಾಂಗಿಲ್ಲ ಬಿಡು."

ಚಿತ್ರವನ್ನು ಒಣಗಲು ಬಿಸಿಲಿಗೆ ಹಾಕಿದೆವು. ಅರಿಶಿನದ ಹಳದಿ ಬಿಸಿಲಿಗೆ ಹಾರಿಹೋಗುತ್ತದೆ, ಹೋಯಿತು; ಕಾವಿಯ ಕೆಂಪು ಹಾಗೇ ಇದೆ. ಹಿತ್ತಲಲ್ಲಿ ಕೂತು ಬರೆಯುವ ಹೊರನಾಡ ಬಾಂಧವರು ಊರಿಂದ ಕಾವಿ ತರಿಸಿಕೊಳ್ಳಿ, ಬೆಲ್ಲವನ್ನು ಹೋಳಿಗೆಗೆ ಇಟ್ಟುಕೊಳ್ಳಿ.